ಕೆರೆಯಂಚಿನ ಕುದುರೆ

ಭೂತಗನ್ನಡಿಗೆ ಕಣ್ಣಿಟ್ಟ ಕಾಂತೇಶ್ ಹಾಗೇ ಉಸಿರು ಹಿಡಿದ. ಕುದುರೆಯ ಲಗಾಮು ಹಿಡಿದು ನಿಂತ ಬೆರಳುದ್ದದ ಆಳಿನ ಕಾಲ ಬುಡದಲ್ಲಿ, ನಿನ್ನೆಯವರೆಗೂ ಬೋಳಾಗಿದ್ದ ಕೆರೆಯ ದಂಡೆಯಲ್ಲಿ, ಸೂಜಿಯಂಥದ್ದೊಂದು ಎದ್ದು ನಿಂತಿತ್ತು. ಅದು ಅವನು ಬಳಿದ ಹಸಿರಲ್ಲ. ಪಕ್ಕದಲ್ಲೇ ಇನ್ನೊಂದು, ಅದರಾಚೆ ಮತ್ತೊಂದು. ರಾಗಿ ಮೊಳೆತಿತ್ತು.

ಕ್ಯಾತ್ಸಂದ್ರದ ಆ ಮನೆಯ ಹಿಂದಿನ ಕೋಣೆಗೆ ಹಗಲಲ್ಲೂ ಪರದೆ. ಬಿಸಿಲು ಬಿದ್ದರೆ ಗೊಂಬೆಗಳ ಬಣ್ಣ ಮಾಸುತ್ತದೆ. ಬ್ಯಾಂಕಿಗೆ ರಜೆ ಸಿಕ್ಕಿ ಅವನು ಟೇಬಲ್ ಲೈಟು ಹಾಕಿಕೊಂಡು ಮೇಜಿನ ಮೇಲೆ ತಾನು ಕಟ್ಟುತ್ತಿದ್ದ ಪುಟಾಣಿ ಕೆರೆಯ ಮುಂದೆ ಕೂತನೆಂದರೆ ಮುಗಿಯಿತು, ಸುಲ್ತಾನರ ಕಾಲದ ಕುಣಿಗಲ್ಲಿಗೆ ಹೊರಟೇಹೋದ. ನೀರು ಕುಡಿಯಲು ಕೆರೆಗಿಳಿದ ದಂಡಿನ ಕುದುರೆಗಳ ಬೆವರು ಕೂಡ ಅವನ ಮೂಗಿಗೆ ಬಡಿಯುತ್ತಿತ್ತು. ಹೆಂಡತಿ ಪ್ರೇಮಲತಾ ಊಟಕ್ಕೆ ಕೂಗಿ ಕೂಗಿ ಸಾಕಾಗಿ, "ನಿಮ್ ಸೈನ್ಯಕ್ಕೂ ಮುದ್ದೆ ಕಟ್ಲಾ?" ಅನ್ನುತ್ತಿದ್ದಳು.

ಅನ್ನಲಿ ಬಿಡಿ. ಈ ಸಲ ಬೆಂಗಳೂರಿನ ಗೊಂಬೆ ಮಾದರಿಗಳ ಪ್ರದರ್ಶನಕ್ಕೆ ಅವನ ಕೆರೆ ಆಯ್ಕೆಯಾಗಿತ್ತು. ಎಷ್ಟೋ ವರ್ಷ ಅರ್ಜಿ ಕಳಿಸಿ ಕಳಿಸಿ ಮೊದಲ ಸಲ. ಭಾನುವಾರ ಒಯ್ಯಬೇಕು. ಅಲ್ಲಿಯ ತೀರ್ಪುಗಾರರು ಅಳತೆಯಲ್ಲಿ ಬಲು ಕಟ್ಟುನಿಟ್ಟು. ಆಳಿನ ಮೊಣಕಾಲ ಮಟ್ಟ ಬಂದ ಮೊಳಕೆ ಕಂಡರೆ ನಕ್ಕು ಬದಿಗಿಡುತ್ತಾರೆ.

ತಪ್ಪು ಅವನದೇ. ಮಣ್ಣನ್ನು ಬಾಂಡಲೆಯಲ್ಲಿ ಹುರಿದು, ಬೀಜಗೀಜ ಸತ್ತ ಮೇಲೇ ಹರಡಬೇಕು. ಆದರೆ ಇದು ಸಿ.ಎಸ್. ಪುರದ ಅವರ ರಾಗಿ ಹೊಲದ ಮಣ್ಣು. ಅಣ್ಣ ರಂಗನಾಥ್ ಹೊಲಕ್ಕೆಲ್ಲ ತೆಂಗು ಹಾಕಿಸುವ ಮುಂಚೆ ಅವ್ವ ಹನುಮಕ್ಕ ಚೀಲದಲ್ಲಿ ತುಂಬಿ ತಂದಿಟ್ಟುಕೊಂಡದ್ದು. ಬಾಂಡಲೆ ಒಲೆಗೇರಿದ್ದೇ ಅವಳು ಅಡ್ಡ ಬಂದಿದ್ದಳು. "ಅನ್ನ ಕೊಟ್ಟ ಮಣ್ಣ ಯಾರಾರ ಹುರೀತಾರೇನ್ಲಾ?" ಹೋಗಲಿ ಎಂದು ಅವನು ಹಸಿಯಾಗಿಯೇ ಹರಡಿದ್ದ. ದಂಡೆ ಒದ್ದೆಯಾಗಿ ಕಾಣಲೆಂದು ದಿನಾ ನೀರು ಬೇರೆ ಚಿಮುಕಿಸಿದ್ದ. ಇನ್ನೇನಾದೀತು?

ಅವನು ಚಿಮಟ ಎತ್ತಿಕೊಳ್ಳುವಾಗ ಹನುಮಕ್ಕ ಕಾಫಿ ತಂದಳು. ಲೋಟ ಅವಳ ಕೈಯಲ್ಲೇ ಉಳಿಯಿತು.

"ರಾಗಿ ಕಣ್ಲಾ," ಎಂದಳು ಮೆಲ್ಲಗೆ.

ತೆಂಗು ಹಾಕಿಸಿದ ಮೇಲೆ ಅವಳು ಊರಿನ ಕಡೆ ತಲೆ ಹಾಕಿರಲಿಲ್ಲ. ಕೇಳಿದರೆ ಮಂಡಿ ನೋವು ಅನ್ನುತ್ತಿದ್ದಳು. ನೋವು ಮಂಡಿಯದಲ್ಲವೆಂದು ಕಾಂತೇಶ್‌ಗೆ ಗೊತ್ತಿತ್ತು.

"ಕಿತ್ತಾಕ್ತೀಯಾ?"

"ಭಾನ್ವಾರ ತಗೊಂಡೋಗ್ಬೇಕಲ್ಲವ್ವ."

"ಹೂಂ. ನಿಂದೂ ಪಾಪ, ಎಷ್ಟೊರ್ಷದ ಆಸೆ." ಲೋಟ ಇಟ್ಟು ಹೊರಟವಳು ಬಾಗಿಲಲ್ಲಿ ನಿಂತಳು. "ಕೀಳ್ದಿದ್ರೂ ಉಳಿಯಾಕಿಲ್ಲ ಬುಡು. ಬಿಸ್ಲು ಕಾಣ್ದೆ ಬಿಳಚ್ಕೊಂಡವೆ."

ಬೈದಿದ್ದರೆ ಅವನು ಕಿತ್ತುಬಿಡುತ್ತಿದ್ದನೋ ಏನೋ. ಮತ್ತೆ ಭೂತಗನ್ನಡಿಯಲ್ಲಿ ನೋಡಿದ. ಹೌದು, ಮೊಳಕೆಗಳೆಲ್ಲ ಪರದೆಯ ಸಂದಿನ ಬೆಳಕಿಗೆ ಕತ್ತು ಚಾಚಿದ್ದವು. ಎದ್ದು ಹೋಗಿ ಪರದೆ ಸರಿಸಿದ. ತಿಂಗಳುಗಟ್ಟಲೆ ಕೂತು ಬಳಿದ ಕೆಂಪು ಪೇಟಗಳ ಮೇಲೆ ಬೆಳಗಿನ ಬಿಸಿಲು ಬಿತ್ತು.

"ನಿನ್ ಬಣ್ಣ ಹೋಯ್ತದಲ್ಲೋ. ಭಾನ್ವಾರಕ್ಕೆ?"

"ಇರ್ಲಿ ಬುಡವ್ವ. ಮುಂದಿನ್ ಸಲ ನೋಡಾಣ."

ಹನುಮಕ್ಕ ಅವನ ಕುರ್ಚಿಯಲ್ಲೇ ಕೂತಳು. ಕೆರೆಯನ್ನು, ದಂಡೆಯನ್ನು, ಪೈರನ್ನು ಬಹಳ ಹೊತ್ತು ನೋಡಿದಳು. ಎಳೆ ಮೊಳಕೆಯ ಪಕ್ಕದಲ್ಲೇ ಕುದುರೆ ಕತ್ತು ಬಗ್ಗಿಸಿತ್ತು, ಆಳು ನಿಂತಲ್ಲೇ ಕಣ್ಣು ಮುಚ್ಚಿದ್ದ.

"ಲೇ ಮಗಾ," ಎಂದಳು ಅವಳು ಆ ಆಳಿಗೆ, "ತೂಕಡಿಸ್ಬ್ಯಾಡ. ಕುದ್ರೆ ಹಿಡ್ಕೊ, ಪೈರು ಮೇಯ್ದ್‌ಬುಟ್ಟಾತು."

ಕಾಂತೇಶ್ ಚಿಮಟವನ್ನು ಮತ್ತೆ ಎತ್ತಿಕೊಂಡ. ಬಗ್ಗಿ, ಕೂದಲೆಳೆಯಂಥ ತಂತಿಯ ಲಗಾಮನ್ನು ಆ ಆಳಿನ ಮುಷ್ಟಿಗೆ ಇನ್ನೊಂದು ಸುತ್ತು ಸುತ್ತಿದ.