ಗಿಡ್ಡ ನಳಿಗೆಯ ರಿವಾಲ್ವರ್

"ಉದ್ದ ನಳಿಗೆಯದು ಗುರಿ ಹೊಡೆಯಲು ಒಳ್ಳೆಯದು. ಗಿಡ್ಡದು ಕಿಸೆಯಲ್ಲಿ ಕೂಡುತ್ತದೆ," ಎಂದು ಮರಾಠಿಯಲ್ಲಿ ಹೇಳುತ್ತ ಬಂದೂಕಿನಂಗಡಿಯ ಇನಾಮದಾರ ಎರಡು ರಿವಾಲ್ವರುಗಳನ್ನು ಗಾಜಿನ ಮೇಜಿನ ಮೇಲಿಟ್ಟ.

ಶಂಕ್ರೆಪ್ಪ ಎರಡನ್ನೂ ನೋಡಿ, ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ. ಊರಿನ ಹೆಂಗಸರಿಗೆಲ್ಲ ಸೀರೆ ಆರಿಸಿಕೊಡುವ ವ್ಯಾಪಾರಿಗೆ ತನ್ನ ಪಾಳಿ ಬಂದಾಗ ಯಾವುದನ್ನು ಆರಿಸಬೇಕೆಂದು ತಿಳಿಯಲಿಲ್ಲ.

"ಗುರಿ ಹಲಗಿಗೆ ಹೊಡಿಯೋದ ತಗೋರಿ," ಎಂದಳು ಗೌರಾಬಾಯಿ. "ಕ್ಲಬ್ಬಿಗೆ ಹೋಗಿ ಬಂದ ದಿನಾ ಒಂದ ರೊಟ್ಟಿ ಹೆಚ್ಚಿಗಿ ತಿಂತೀರಿ."

"ಕಳ್ಳರು ಹಲಗಿ ಹಂಗ ಸುಮ್ಮ ನಿಂದರ್ತಾರೇನ? ಗಿಡ್ಡದ ಇರಲಿ. ಸೋವಿನೂ ಅದ."

ಹೋದ ದೀಪಾವಳಿಯ ಹೊತ್ತಿಗೆ ಕೊಂಢವಾ ಬಡಾವಣೆಯಲ್ಲಿದ್ದ ಅವರ ಸೀರೆ ಅಂಗಡಿಗೆ ಕೊಯ್ತಾ ಎಂಬ ಕಬ್ಬು ಕಡಿಯುವ ಮಚ್ಚು ಹಿಡಿದ ಇಬ್ಬರು ನುಗ್ಗಿದ್ದರು. ಶಂಕ್ರೆಪ್ಪನ ಕುತ್ತಿಗೆಗೆ ಅಲಗು ತಾಗಿಸಿ ಗಲ್ಲಾ ಬರಿದು ಮಾಡಿಕೊಂಡು ಹೋದರು. ಮೈಗೆ ಒಂದು ಗೀರೂ ಆಗಲಿಲ್ಲ, ಆದರೆ ಮನುಷ್ಯ ಒಳಗೇ ಕುಸಿದ. ಗಿರಾಕಿ ಸೀರೆ ತೋರಿಸಲು ಕೈ ಎತ್ತಿದರೂ ಬೆಚ್ಚಿ ಎದ್ದು ನಿಲ್ಲುತ್ತಿದ್ದ. ಅಂಗಡಿಯಲ್ಲಿ ಒಬ್ಬನೇ ಕೂಡುವುದು ಆಗುತ್ತಲೇ ಇರಲಿಲ್ಲ. ರಿವಾಲ್ವರ್ ಬಂದರೆ ಧೈರ್ಯವೂ ಬರುತ್ತದೆ ಎಂದು ಲೈಸೆನ್ಸಿಗಾಗಿ ಚಪ್ಪಲಿ ಸವೆಸಿದ. ಶೂಟಿಂಗ್ ಕ್ಲಬ್ಬಿಗೂ ಸೇರಿದ. ಗೌರಾಬಾಯಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಗಂಡ ಮೊದಲಿನಂತಾಗುವುದಾದರೆ ಮನೆಯಲ್ಲಿ ಹುಲಿ ಕಟ್ಟಿದರೂ ಅವಳು ಹೂಂ ಎನ್ನುತ್ತಿದ್ದಳು.

ಇನಾಮದಾರ ಗಿಡ್ಡದನ್ನು ಬಿಚ್ಚಿ, ಗುಂಡಿಲ್ಲವೆಂದು ತೋರಿಸಿ, ಮುಚ್ಚಿ ಕೊಟ್ಟ. ಶಂಕ್ರೆಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಚಪ್ಪಲಿ ಕಳಚಿ ಬದಿಗೆ ಸರಿಸಿದ. ತಲೆ ಬಾಗಿಸಿ ರಿವಾಲ್ವರನ್ನು ಬಲಗಣ್ಣಿಗೆ ಒತ್ತಿಕೊಂಡ, ಎಡಗಣ್ಣಿಗೆ ಒತ್ತಿಕೊಂಡ, ಆಮೇಲೆ ಹಣೆಗೆ. ನಳಿಗೆಯ ಬಾಯಿ ಹುಬ್ಬುಗಳ ನಡುವೆ ಕೂತಿತು.

"ಅರೆ, ಕಾಯ್ ಕರತಾಯ್!" ಏನು ಮಾಡುತ್ತಿದ್ದೀರಿ ಎಂದು ಗದರುತ್ತ ಇನಾಮದಾರ ಹಾರಿ ಅವನ ಮಣಿಕಟ್ಟು ಹಿಡಿದ. "ಕ್ಲಬ್ಬಿನಲ್ಲಿ ಇದೇ ಕಲಿಸಿದರೇನು?"

"ಕ್ಲಬ್ಬಿನ ರಿವಾಲ್ವರ್ ಅವರದಿತ್ತು," ಎಂದ ಶಂಕ್ರೆಪ್ಪ ತೊದಲುತ್ತ. "ಇದು ನಂದಾಗ್ತದಲ್ರಿ."

ಗುಂಡಿಲ್ಲವೆಂದು ಗೊತ್ತಿದ್ದರೂ ಗೌರಾಬಾಯಿ ಗಾಜಿನ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮಾತಾಡುವಾಗ ಮಾತ್ರ ದನಿ ಏರಲಿಲ್ಲ.

"ಮುಂಜಾನೆ ಕೀಲಿಕೈ ಕಣ್ಣಿಗೆ ಒತ್ತಿಕೋತೀರಿ. ಕತ್ತರಿ ಒತ್ತಿಕೋತೀರಿ, ಗಜಕಡ್ಡಿ ಒತ್ತಿಕೋತೀರಿ. ನಿಮ್ಮಪ್ಪಾರು ಹಚ್ಚಿದ ರೂಢಿ, ಕೈ ನಿಮ್ಮನ್ನ ಕೇಳಂಗಿಲ್ಲ. ಇದನ್ನೂ ದಿನಾ ಒತ್ತಿಕೋತೀರಿ. ಗುಂಡ ತುಂಬಿದ ದಿನಾನೂ."

ಶಂಕ್ರೆಪ್ಪ ತನ್ನ ಕೈಗಳನ್ನೇ ನೋಡಿದ. ರಿವಾಲ್ವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಹಂಗಾರ ನಾ ಅಂಗಡ್ಯಾಗ ಹೆಂಗ ಕೂಡ್ಲಿ, ಗೌರಾ? ನಂಗ ಭಾಳ ಅಂಜಿಕಿ ಆಗ್ತದ." ಇಷ್ಟು ತಿಂಗಳಲ್ಲಿ ಈ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

"ಅಂಜಿಕೋತ ಕೂಡ್ರಿ. ನಾನೂ ಅಂಜಿಕೋತ ನಿಮ್ಮ ಬಾಜೂಕ ಕೂಡ್ತೀನಿ."

ಇನಾಮದಾರ ಎರಡೂ ರಿವಾಲ್ವರುಗಳನ್ನು ಒಳಗಿಟ್ಟ.

ವಾಪಸು ಹೋಗುವಾಗ ರಿಕ್ಷಾ ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಅವನ ಮುಖ ನೋಡಿದಳು. ಹಣೆಯ ವಿಭೂತಿಯ ನಡುವೆ ನಳಿಗೆಯ ಎಣ್ಣೆ ದುಂಡಗೆ, ಕಪ್ಪಗೆ ಮೂಡಿತ್ತು. ಸೆರಗಿನ ತುದಿ ಒದ್ದೆ ಮಾಡಿ ಒರೆಸತೊಡಗಿದಳು. ಹಿಂದಿನ ಗಾಡಿಗಳು ಹಾರ್ನ್ ಬಾರಿಸುತ್ತಿದ್ದವು. ಶಂಕ್ರೆಪ್ಪ ಕಣ್ಣು ಮುಚ್ಚಿ, ಸಣ್ಣ ಮಗುವಿನಂತೆ ಮುಖ ಒಡ್ಡಿ ಕೂತ.

"ಹೋತೇನ?"

"ಇನ್ನೂ ಇಲ್ಲ. ಸುಮ್ಮ ಕೂಡ್ರಿ," ಎಂದು ಅವಳು ಸೆರಗನ್ನು ಮತ್ತೆ ಒದ್ದೆ ಮಾಡಿದಳು.