ಬಲಗೈಯ ಹಳದಿ ತೋಳು

ತಮ್ಮ ತೀರಿಕೊಂಡ ಸುದ್ದಿ ದರ್ಜಿಗೆ ತಲುಪಿದ್ದು ಮಂಗಳವಾರ ಬೆಳಿಗ್ಗೆ, ಶಾಲೆಯ ಸಮವಸ್ತ್ರಕ್ಕೆ ಕಾಜಾ ಹೊಲಿಯುತ್ತಿದ್ದಾಗ. ಫೋನು ಮಾಡಿದವಳು ತಮ್ಮನ ಮಗಳು. "ದೊಡ್ಡಪ್ಪ, ಅಪ್ಪ ಎದ್ದೇಳ್ಲಿಲ್ಲ" ಎಂದಷ್ಟೇ ಹೇಳಿದಳು. ದರ್ಜಿಯ ಬಾಯಿಗೆ ದೇವರ ಹೆಸರು ಬರುವ ಮೊದಲೇ ಮನಸ್ಸಿಗೆ ಬೇರೊಂದು ಮಾತು ಬಂತು: ತನ್ನ ಆ ಹಳೆಯ ಗುಟ್ಟನ್ನು ಬಲ್ಲವರು ಇನ್ನು ಯಾರೂ ಉಳಿದಿಲ್ಲ. ದಿನಕ್ಕೆ ಎರಡು ಸಲ ಕೈಮುಗಿಯುವ ತನ್ನಂಥವನಿಗೆ ಇದೇ ಮೊದಲು ತೋಚಿತಲ್ಲ ಎಂದು ಆತ ಸೂಜಿ ಹಿಡಿದ ಕೈಯನ್ನೇ ನೋಡುತ್ತ ಕುಳಿತ.

ತಮ್ಮನೊಂದಿಗೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು.

ತಮ್ಮ ಅಂಗಡಿಗಳ ಬೋರ್ಡು ಬರೆಯುವವನು. ಬ್ಯಾನರ್ ಯಂತ್ರಗಳು ಬಂದು ಕುಂಚಕ್ಕೆ ಕೆಲಸವಿಲ್ಲವಾದಾಗ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುವುದನ್ನು ಕಲಿತ. ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ, ಈಗ ಯಾರೂ ಮೂಸದ ಹಳೆಯ ಫುಟ್‌ಬಾಲ್ ಆಟವೊಂದು ಅದರಲ್ಲಿತ್ತು. ಆ ಆಟದೊಳಗೆ ಪ್ರತಿ ತಂಡದ ಜೆರ್ಸಿಯೂ ಒಂದು ಚಿತ್ರ. ಹೊಲಿಗೆ ಬಿಚ್ಚಿ ನೆಲದ ಮೇಲೆ ಹರವಿದ ಅಂಗಿಯ ಹಾಗೆ ಎದೆ, ಬೆನ್ನು, ಎರಡು ತೋಳು, ಕಾಲರು ಬೇರೆ ಬೇರೆಯಾಗಿ ಬಿದ್ದಿರುತ್ತವೆ. ಅದನ್ನು ತೆಗೆದು ನಾವು ಬರೆದದ್ದನ್ನು ಇಟ್ಟರೆ ಆಟಗಾರರು ಅದನ್ನೇ ತೊಟ್ಟು ಓಡುತ್ತಾರೆ. ಜನ ಮರೆತ ತಂಡಗಳ ಅಂಗಿಗಳನ್ನು ತಮ್ಮ ಹೀಗೆ ಮಾಡಿ, ಜೊತೆಗೊಂದು ಟಿಪ್ಪಣಿ ಬರೆದು, ಎಲ್ಲೆಲ್ಲಿಯದೋ ಆಟಗಾರರಿಗೆ ಹಂಚುತ್ತಿದ್ದ.

"ಅರವತ್ತು ದಾಟಿದ್ಮೇಲೆ ಬೊಂಬೆಗಳಿಗೆ ಅಂಗಿ ತೊಡಿಸ್ತಾ ಕೂತಿದಾನೆ" ಎಂದು ದರ್ಜಿ ಆಡಿಕೊಳ್ಳುತ್ತಿದ್ದ.

"ನನ್ನ ಗಿರಾಕಿಗಳೇ ವಾಸಿ ಅಣ್ಣ, ಕಂಕುಳು ಬಿಗಿ ಅಂತ ವಾಪಸ್ ತರಲ್ಲ" ಎನ್ನುತ್ತಿದ್ದ ತಮ್ಮ.

ಹೀಗಿರುವಾಗ ಒಂದು ದಿನ ತಮ್ಮ ಅಂಗಡಿಗೆ ಬಂದ. "ಅಣ್ಣ, ನಮ್ಮ ತಂಡದ ಅಂಗೀನೇ ಮಾಡ್ತಿದೀನಿ. ಆ ಹಳದಿ ತೋಳು ಎಡಗಡೆ ಇತ್ತಾ, ಬಲಗಡೆನಾ? ತಲೆ ಕೆಡಿಸ್ಕೊಂಡ್ರೂ ನೆನಪಾಗ್ತಿಲ್ಲ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಚುಚ್ಚಲೆಂದೇ ಕೇಳುತ್ತಿದ್ದಾನೆ ಎನಿಸಿ ದರ್ಜಿಗೆ ಮೈಯೆಲ್ಲ ಉರಿಯಿತು. "ನನ್ನನ್ನೇನು ಕೇಳ್ತೀಯ? ಬಟ್ಟೆ ಕೆಡಿಸಿದೋನು ನೀನು, ನಿನಗೇ ಗೊತ್ತಿರ್ಬೇಕು!"

ತಮ್ಮ ಅಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಸರಿ ಬಿಡಣ್ಣ" ಎಂದು ಹೊರಟುಹೋದ. ಮಾತು ನಿಂತದ್ದು ಅಂದೇ.

ಬಟ್ಟೆ ಕೆಡಿಸಿದವನು ತಮ್ಮನಲ್ಲ. ನಲವತ್ತು ವರ್ಷದ ಹಿಂದೆ ಇಬ್ಬರೂ ಒಬ್ಬನೇ ಯಜಮಾನನ ಬಳಿ ಹೊಲಿಯುತ್ತಿದ್ದರು, ಒಂದೇ ತಂಡದಲ್ಲಿ ಆಡುತ್ತಿದ್ದರು. ಗೋಲ್‌ಕೀಪರನದು ಬಿಟ್ಟು ಹತ್ತು ಹಸಿರು ಅಂಗಿ, ಇಪ್ಪತ್ತು ತೋಳು. ಒಂದೇ ಮಗ್ಗುಲು ಹೊಳೆಯುವ ಬಟ್ಟೆಯನ್ನು ಹೊಳಪಿಗೆ ಹೊಳಪು ತಾಗುವಂತೆ ಎರಡೆರಡು ಪದರವಾಗಿ ಹಾಸಿ ಕತ್ತರಿಸಿದರೆ ಎಡ ಬಲ ಜೋಡಿಯಾಗಿ ಬರುತ್ತದೆ. ಅಣ್ಣ ಅವಸರದಲ್ಲಿ ಎಲ್ಲ ಪದರವನ್ನೂ ಹೊಳಪು ಮೇಲಾಗಿಯೇ ಹಾಸಿ ಕತ್ತರಿ ಆಡಿಸಿದ. ಇಪ್ಪತ್ತೂ ಎಡದ ತೋಳುಗಳಾದವು. ಪಂದ್ಯಕ್ಕೆ ಎರಡೇ ದಿನ, ಆ ಹಸಿರು ಬಟ್ಟೆ ಮುಗಿದಿತ್ತು. ಇದ್ದ ಹಳದಿ ಬಟ್ಟೆಯಲ್ಲೇ ಇನ್ನೊಂದು ತೋಳು ಹಚ್ಚಬೇಕಾಯಿತು. "ಒಂದು ರೆಕ್ಕೆ ಮಾಗಿದ ಗಿಳಿಗಳು" ಎಂದು ಜನ ಮೈದಾನದಲ್ಲಿ ನಕ್ಕರು. ಯಜಮಾನ ನಗಲಿಲ್ಲ. "ಯಾರು ಹಾಸಿದ್ದು?" ಎಂದಾಗ ಅಣ್ಣನ ಬೆರಳು ತಮ್ಮನ ಕಡೆ ಹೋಯಿತು. ಬಟ್ಟೆ ಹಾಸುವ ಹೊತ್ತಿನಲ್ಲಿ ಗುಂಡಿ ತರಲು ಪೇಟೆಗೆ ಹೋಗಿದ್ದ ತಮ್ಮ ತುಟಿ ಬಿಚ್ಚಲಿಲ್ಲ. ಅಂದೇ ಅವನ ಕೆಲಸ ಹೋಯಿತು, ಕುಂಚ ಹಿಡಿದ.

ತಮ್ಮ ತೀರಿಕೊಂಡು ಎರಡು ವಾರವಾದ ಮೇಲೆ ದರ್ಜಿಯನ್ನು ಅವನ ಮಗಳೇ ಮನೆಗೆ ಕರೆಸಿದಳು. ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿದಳು. ಪರದೆಯ ಮೇಲೆ ಎರಡು ಹಸಿರು ಅಂಗಿಗಳು ಬಿಚ್ಚಿ ಬಿದ್ದಿದ್ದವು. ಒಂದರಲ್ಲಿ ಎಡತೋಳು ಹಳದಿ, ಇನ್ನೊಂದರಲ್ಲಿ ಬಲ.

"ಅಪ್ಪ ಎರಡೂ ಮಾಡಿಟ್ಟಿದಾರೆ ದೊಡ್ಡಪ್ಪ. ತಪ್ಪು ಅಂಗಿ ಕಳಿಸೋದು ಬೇಡ ಅಂತ ತಡೆದಿದ್ರು. ಯಾವ್ದು ಸರಿ?"

ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಅಳುವಿನ ನಡುವೆಯೇ ನಕ್ಕಳು. "ಕೆಡಿಸಿದೋರಿಗೇ ನೆನಪಿರ್ಲಿಲ್ಲ ನೋಡಿ ಭಾವ."

ಮಗಳು ಟಿಪ್ಪಣಿ ತೆರೆದು ಓದಿದಳು. "ಈ ತೋಳು ಹೀಗಾದದ್ದು ನನ್ನ ಎಡವಟ್ಟಿನಿಂದ. ಯಾವ ಕಡೆಯದೆಂದು ಅಣ್ಣನಿಗೆ ನೆನಪಿರಬಹುದು, ಕೇಳಬೇಕು. ಅವನಷ್ಟು ನೇರವಾಗಿ ಕತ್ತರಿ ಹಿಡಿಯುವವರನ್ನು ನಾನು ಕಂಡಿಲ್ಲ."

ಅವತ್ತು ತಮ್ಮ ಅಂಗಡಿಗೆ ಚುಚ್ಚಲು ಬಂದವನಲ್ಲ, ತೋಳು ಯಾವ ಕಡೆಯದೆಂದು ಕೇಳಲಷ್ಟೇ ಬಂದಿದ್ದ. ದರ್ಜಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. 'ಬಲ' ಎಂದಷ್ಟೇ ಹೇಳಿ ಎದ್ದುಬಿಡಬಹುದಿತ್ತು. ಆ ಟಿಪ್ಪಣಿ ಹಾಗೆಯೇ ಹೋಗುತ್ತಿತ್ತು.

"ಬಲದ್ದು ಹಳದಿ" ಎಂದ. "ಕತ್ತರಿಸಿದ್ದೆಲ್ಲ ಎಡದ್ದೇ ಆಗಿತ್ತು. ಕತ್ತರಿಸಿದೋನು ನಾನು. ಹಾಸಿದ್ದೂ ನಾನೇ. ಅವನು ಅಂಗಡೀಲೇ ಇರ್ಲಿಲ್ಲ."

ತಮ್ಮನ ಹೆಂಡತಿ ಹತ್ತಿರ ಬಂದು ಕೇಳಿದಳು: "ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮದುವೆ ಹೊಸದ್ರಲ್ಲಿ ನಮ್ಮ ತವರಲ್ಲಿ ಇದನ್ನೇ ಹೇಳಿ ಎಲ್ರನ್ನೂ ನಗಿಸಿದ್ರು. 'ಕೈ ನೆಟ್ಟಗಿಲ್ಲದ ಅಳಿಯ' ಅಂತ ನಮ್ಮಪ್ಪ ಸಾಯೋವರೆಗೂ ಆಡ್ಕೊಂಡ. ಅವತ್ತು ನೀವೂ ಅಲ್ಲೇ ಕೂತು ನಕ್ಕಿದ್ರಿ, ಭಾವ."

"ನಕ್ಕಿದ್ದೆ."

ಆಕೆ ಒಳಗೆ ಹೋದಳು. ನೀರು ಬೇಕೇ ಎಂದು ಕೇಳಲಿಲ್ಲ. ಅದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡ ದರ್ಜಿ.

"ಆ ಸಾಲು ಅಳಿಸಮ್ಮ" ಎಂದ ಮಗಳಿಗೆ. "ಕೆಡಿಸಿದೋನು ಅಣ್ಣ, ತಪ್ಪು ಹೊತ್ತೋನು ತಮ್ಮ ಅಂತ ಬರಿ."

"ಎಲ್ರೂ ಓದ್ತಾರೆ ದೊಡ್ಡಪ್ಪ."

"ಓದ್ಲಿ. ಕತ್ತರಿ ವಿಷ್ಯ ಬರ್ದಿದಾನಲ್ಲ, ಅದನ್ನೂ ತೆಗಿ."

"ಅದು ಅಪ್ಪ ಬರೆದದ್ದು. ಅದನ್ನ ತೆಗೆಯಲ್ಲ" ಎಂದಳು ಹುಡುಗಿ, ಇವನ ಮುಖ ನೋಡದೆ.

ಅವಳು ಅಂಗಿಯನ್ನು ಆಟದೊಳಗೆ ಇಟ್ಟಳು. ಅದನ್ನು ತೊಟ್ಟ ಹತ್ತು ಜನ ಮೈದಾನಕ್ಕೆ ಓಡಿಬಂದರು. ತಮ್ಮ ತೊಡುತ್ತಿದ್ದ ಹನ್ನೊಂದನೆಯ ಸಂಖ್ಯೆಯ ಅಂಗಿಯವನ ಓಟ ತಮ್ಮನ ಓಟದಂತಿರಲಿಲ್ಲ, ಯಾರ ಓಟದಂತೆಯೂ ಇರಲಿಲ್ಲ. ಆದರೂ ದರ್ಜಿ ನೋಡಲಾರದೆ ಕಣ್ಣು ಮುಚ್ಚಿ ಕೈಜೋಡಿಸಿದ.

ದೇವರೇ, ನನ್ನ ತಪ್ಪನ್ನು ಹೊತ್ತುಕೊಂಡೇ ನಡೆದ ಅವನು, ನಗುನಗುತ್ತ ನಡೆದ. ಅವನನ್ನು ಕ್ಷಮಿಸೆಂದು ಬೇಡುವ ಬಾಯಿ ನನಗಿಲ್ಲ, ಬೇಡುವಂಥ ತಪ್ಪನ್ನು ಅವನು ಮಾಡಲೂ ಇಲ್ಲ. ಇಷ್ಟು ಮಾಡು. ಅವನ ಹೆಗಲ ಮೇಲೆ ಇನ್ನೇನೂ ಇರದಂತೆ ಮಾಡಿ ನಿನ್ನ ಹತ್ತಿರ ಕೂರಿಸಿಕೋ. ಅವನಿಗೆ ಶಾಂತಿ ಕೊಡು.