ಹೊನ್ನೂರಮ್ಮನ ಹತ್ತು

ಪಂಪಮ್ಮನಿಗೆ ತಲೆ ಕೆಟ್ಟು ಹೋಗಿತ್ತು. ಪಂಚಾಯ್ತಿಗೆ ಹೊಸದಾಗಿ ಆರಿಸಿಬಂದ ಹೆಣ್ಣುಮಕ್ಕಳಿಗೆ ಸಭೆಯಲ್ಲಿ ಬಾಯಿ ಬಿಡುವುದನ್ನು ಕಲಿಸುವ ಕೆಲಸ ಅವಳದು. ಲಿಂಗಸುಗೂರಿನ ಸಂಸ್ಥೆಯೊಂದು ಅದಕ್ಕೆಂದೇ ಅವಳನ್ನು ಇಟ್ಟುಕೊಂಡಿತ್ತು. ತೊಂಬತ್ತನಾಲ್ಕರಲ್ಲಿ ಮಸ್ಕಿ, ಸಿಂಧನೂರು ಅಂತ ಬಸ್ಸಿನ ಧೂಳು ಕುಡಿದೂ ಕುಡಿದೂ ಗಂಟಲು ಕಟ್ಟಿತ್ತು. ಅದರ ಮೇಲೆ ಸಂಸ್ಥೆಯವರದೊಂದು ಪ್ರಶ್ನೆ: ಮಾತಾಡುವ ಧೈರ್ಯಕ್ಕೆ ನಿಮಗೆ ನೀವೇ ಎಷ್ಟು ಕೊಟ್ಟುಕೊಳ್ಳುತ್ತೀರಿ? ಹೋದಾಗಲೆಲ್ಲ ಕೇಳಬೇಕು. ಎಷ್ಟು ಹೇಳುತ್ತಾರೋ ಅಷ್ಟೇ ಸರಿ, ವಾದ ಮಾಡುವಂತಿಲ್ಲ. ಹತ್ತಕ್ಕೆ ಹತ್ತು ಬಂತೋ, ಅವರ ಪಾಠ ಮುಗಿಯಿತು.

ಅವಳ ಜೀವ ತಿಂದವಳೆಂದರೆ ಗೊರೇಬಾಳದ ಪಕ್ಕದ ಹಳ್ಳಿಯ ಅಧ್ಯಕ್ಷೆ ಹೊನ್ನೂರಮ್ಮ. ಲಿಂಗಸುಗೂರಿನ ಮೊದಲ ಶಿಬಿರಕ್ಕೇ ಬಸ್ಸು ಕೆಟ್ಟಿತೆಂದು ತಡವಾಗಿ, ಎಲ್ಲ ವಿವರಿಸಿ ಮುಗಿದ ಮೇಲೆ, ಊಟದ ಹೊತ್ತಿಗೆ ಬಂದಳು. "ನಿಮಗ ನೀವ ಎಷ್ಟು ಕೊಡ್ತೀರಿ?" ಎಂದರೆ "ಎರಡು" ಅಂದಳು. ಆಮೇಲೊಮ್ಮೆ "ನಾಕು". ಮತ್ತೊಮ್ಮೆ "ಆರಕ್ಕ ಬಂದೀನ್ರಿ". ಕುರಿ ಕರೆದರೆ ಕಾಲುವೆಯ ಆಚೆ ದಂಡೆಗೆ ಕೇಳಿಸುವ ಗಂಟಲು! ಆದರೆ ಸಭೆಯಲ್ಲಿ ಉಪಾಧ್ಯಕ್ಷ ಜಂಬಣ್ಣ ಸುಮ್ಮನೆ ಕೆಮ್ಮಿದರೂ ಸಾಕು, ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಏನು ಮಾಡಬೇಕು ಇಂಥವಳಿಗೆ?

ಈ ಸಲ ಮಾತ್ರ ಅವಳು ಬಾಯಿ ಬಿಡಲೇಬೇಕಿತ್ತು. ಊರಿಗೆ ಒಂದೇ ಒಂದು ಬೋರು ಮಂಜೂರಾಗಿತ್ತು. ಹೊನ್ನೂರಮ್ಮನ ಓಣಿಯವರು ಕಾಲುವೆಯ ಕೆಸರುನೀರನ್ನೇ ಸೋಸಿ ಕುಡಿಯುತ್ತಿದ್ದರು. ಜಂಬಣ್ಣನಿಗೆ ಆ ಬೋರು ತನ್ನ ಮನೆಯ ಮುಂದೆಯೇ ಬೇಕಿತ್ತು. ಎಲ್ಲಿ ಕೊರೆಯಬೇಕೆಂದು ಮುಂದಿನ ಸಭೆಯಲ್ಲಿ ತೀರ್ಮಾನ.

ಸಭೆಗೆ ಒಂದು ವಾರ ಮೊದಲು ಹೊನ್ನೂರಮ್ಮ, "ಹತ್ತಾತ್ರೀ ಅಕ್ಕಾರ" ಅಂದಳು. ಅಬ್ಬಾ, ಪೀಡೆ ಕಳೆಯಿತು! ಪಂಪಮ್ಮ ಕುಣಿಯುವುದೊಂದು ಬಾಕಿ.

"ಹಂಗಾದ್ರ ಸಭಾಕ್ಕ ನಾ ಬರೂದು ಬ್ಯಾಡ ಬಿಡ್ರಿ. ನೀವ ನಡಸ್ತೀರಿ."

ಹೊನ್ನೂರಮ್ಮ ಏನೋ ಹೇಳಹೋದಳು. ಅಷ್ಟರಲ್ಲಿ ಬಸ್ಸು ಬಂತು, ಪಂಪಮ್ಮ ಹತ್ತಿಬಿಟ್ಟಳು.

ಸಭೆಯ ದಿನ ಮಸ್ಕಿಯ ಕೆಲಸ ಬೇಗ ಮುಗಿಯಿತು. ಇಷ್ಟು ಒದ್ದಾಡಿ ಕಲಿಸಿದವಳು ಮಾತಾಡುವುದನ್ನು ನೋಡದಿದ್ದರೆ ಹೇಗೆ ಅಂತ ಪಂಪಮ್ಮ ಬಂದೇಬಿಟ್ಟಳು. ಬಂದು ನೋಡಿದರೆ, ಕಾರ್ಯದರ್ಶಿ ಗ್ಯಾನಪ್ಪ ಆಗಲೇ ಠರಾವು ಓದಿ ಮುಗಿಸಿದ್ದ. ಬೋರು ಜಂಬಣ್ಣನ ಮನೆ ಮುಂದೆ! ಹೊನ್ನೂರಮ್ಮ ಕುರ್ಚಿಯ ತುದಿಯಲ್ಲಿ ಕೂತು, ಕೈಯಲ್ಲಿ ಪೆನ್ನು ಹಿಡಿದು, ಬಾಗಿಲ ಕಡೆಗೇ ನೋಡುತ್ತಿದ್ದಳು.

"ಸೈ ಮಾಡಬೇ, ಎಷ್ಟೊತ್ತು?" ಎಂದ ಜಂಬಣ್ಣ.

ಪಂಪಮ್ಮನ ಪಿತ್ತ ನೆತ್ತಿಗೇರಿತು. "ಏನ್ರೀ ಹೊನ್ನೂರಮ್ಮ! ಬಾಯಾಗ ಕಡುಬು ಇಟ್ಕೊಂಡು ಕುಂತೀರೇನು? ಹತ್ತಾತು ಅಂತ ನೀವ ಹೇಳಿದ್ರಲ್ಲ?"

"ಹೌದ್ರೀ, ಹತ್ತು ಅಂದ್ರ ಹತ್ತಾಣೆ!" ಹೊನ್ನೂರಮ್ಮ ಎದ್ದು ನಿಂತಳು. "ಇನ್ನಾ ಆರಾಣೆ ಕಮ್ಮಿ ಇತ್ತಲ್ರೀ!"

"ಹತ್ತಾಣೆ?"

"ಮತ್ತ? ಬೆಳಿ ಪೂರಾ ಬಂದ್ರ ಹದಿನಾರಾಣೆ ಬೆಳಿ ಅನ್ನಂಗಿಲ್ಲೇನು? ಮನಿಷ್ಯಾಗೂ ಹಂಗ!"

ಪಂಪಮ್ಮ ಹಣೆ ಚಚ್ಚಿಕೊಂಡಳು. ಕಡಲೆಯಿಂದ ಹಿಡಿದು ಕಂಡವರ ಮಗನ ಗುಣದವರೆಗೆ ಎಲ್ಲವನ್ನೂ ಆಣೆಯಲ್ಲೇ ಅಳೆಯುವ ಕಿರಾಣಿ ಅಂಗಡಿಯವನ ಮಗಳು ತಾನು, ಆದರೂ ಹೊಳೆದಿರಲಿಲ್ಲ. ಹತ್ತಕ್ಕೆ ಎಷ್ಟು ಅಂತ ಈ ಹೆಂಗಸಿಗೆ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ.

"ಆರಾಣೆ ಕಮ್ಮಿ ಇರೋಳನ್ನ ಒಬ್ಬಾಕೀನ ಬಿಟ್ಟು ಹೋದ್ರಿ. ಈಗ ಬಂದು ಎಲ್ಲಾರ ಮುಂದ ನನ್ನ ಬೈತೀರಿ!" ಕುರಿ ಕರೆಯುವ ಆ ಗಂಟಲು ಈಗ ತೆರೆದಿತ್ತು. ಹಾದಿಯಲ್ಲಿ ಹೋಗುವವರು ಕಿಟಕಿಗೆ ಬಂದು ನಿಂತರು. ಹೊನ್ನೂರಮ್ಮ ಅದೇ ಸಿಟ್ಟಿನಲ್ಲಿ ಜಂಬಣ್ಣನ ಕಡೆ ತಿರುಗಿದಳು. "ನೀವೇನ್ ನೋಡ್ತೀರಿ ಸಾವ್ಕಾರ್ರ? ನಿಮ್ಮನ್ಯಾಗ ಬಾವಿ ಐತಿ. ನಮ್ಮೋಣ್ಯಾಗ ಹುಡುಗ್ರು ವಾಂತಿಭೇದಿ ಹತ್ತಿ ಮಲಗ್ಯಾವ. ನಾ ಸೈ ಮಾಡಂಗಿಲ್ಲ! ಗ್ಯಾನಪ್ಪಣ್ಣ, ಅದನ್ನ ಹೊಡದು ಹಾಕು, ನಮ್ಮೋಣಿ ಹೆಸರು ಬರಿ. ಒಪ್ಪಿದೋರು ಕೈ ಎತ್ರಿ!"

ಮೊದಲು ಹೆಣ್ಣುಮಕ್ಕಳ ಕೈ ಎದ್ದವು. ಆಮೇಲೆ ಅಳುಕುತ್ತ ಉಳಿದವರದು. ಜಂಬಣ್ಣ ಕೆಮ್ಮಿದ, ಮತ್ತೊಮ್ಮೆ ಕೆಮ್ಮಿದ. ಎತ್ತಿದ ಕೈ ಯಾರೂ ಇಳಿಸಲಿಲ್ಲ. ಗ್ಯಾನಪ್ಪ ಬರೆದ, ಹೊನ್ನೂರಮ್ಮ ಸೈ ಮಾಡಿದಳು.

ಬಸ್ಸಿಗೆ ಕಾಯುವಾಗ ಪಂಪಮ್ಮ ಸೋತ ದನಿಯಲ್ಲಿ ಕೇಳಿದಳು. "ಹೇಳ್ರವ್ವಾ, ಈಗ ಹದಿನಾರಕ್ಕ ಎಷ್ಟು?"

"ಹದಿನೈದ್ರೀ."

"ಅಯ್ಯ ನಿಮ್ಮ! ಇಷ್ಟೆಲ್ಲಾ ಆದ ಮ್ಯಾಲೂ ಒಂದಾಣೆ ಎದಕ್ಕ ಕಮ್ಮಿ?"

"ಪೂರಾ ಅಂದ್ರ ನೀವು ಬರೂದು ಬಿಡ್ತೀರಲ್ರೀ" ಎಂದಳು ಹೊನ್ನೂರಮ್ಮ.